ಯಂತ್ರ ಹೋದ ಮೂರು ತಿಂಗಳಿಗೆ ಕೆರೆ ಮತ್ತೆ ಮುಚ್ಚಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯಲ್ಲಿ ಪ್ರತಿ ವರ್ಷ ಯಂತ್ರ ಇಳಿಸಿ ಅಂತರಗಂಗೆ ತೆಗೆಸುತ್ತಾರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ನೀರೇ ಕಾಣದಂತೆ ಹಸಿರು ಹರಡಿಕೊಂಡಿರುತ್ತದೆ. ಒಂದೇ ಸಲಕ್ಕೆ ಮುಗಿಸಲು ಔಷಧವೋ ಹುಳುವೋ ಏನೂ ಇಲ್ಲವೇ?

ಉತ್ತರ: ಹುಳು ಇದೆ. ಅದನ್ನು ತರಿಸಿ, ಸಾಕಿ, ಬಿಟ್ಟು ನೋಡಿದ್ದೂ ನಮ್ಮ ಬೆಂಗಳೂರಿನಲ್ಲೇ. ಆದರೆ ಒಂದೇ ಸಲಕ್ಕೆ ಮುಗಿಸುವ ಉಪಾಯ ಮಾತ್ರ ಇಲ್ಲ. ಕಾರಣ ಗಿಡದಲ್ಲಿರುವುದಕ್ಕಿಂತ ಹೆಚ್ಚಾಗಿ ನೀರಿನಲ್ಲಿದೆ.

ಮೊದಲು ನೀವು ಹೇಳಿದ ಮೂರು ತಿಂಗಳ ಲೆಕ್ಕವನ್ನೇ ನೋಡೋಣ. ತೊಟ್ಟು ಉಬ್ಬಿಸಿಕೊಂಡು ತೇಲುವ, ನೇರಳೆ ಹೂ ಬಿಡುವ ಈ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಹೂವಿನ ಚೆಲುವಿಗೆ ಮರುಳಾದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಬಂಗಾಳಕ್ಕೆ ತಂದರು. ಅಲ್ಲಿನ ಹೊಳೆ, ಗದ್ದೆಗಳನ್ನು ಅದು ಎಷ್ಟು ಆವರಿಸಿತೆಂದರೆ 1936ರಲ್ಲಿ ಅದರ ವಿರುದ್ಧ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಬೀಜಕ್ಕಾಗಿ ಕಾಯದೆ, ಬುಡದಿಂದ ಬಳ್ಳಿ ಚಾಚಿ ಮರಿ ಹಾಕುವುದು ಇದರ ಜಾಣತನ. ಬಿಸಿಲು, ಆಹಾರ ಎರಡೂ ಸಿಕ್ಕರೆ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಯಂತ್ರ ನೂರರಲ್ಲಿ ತೊಂಬತ್ತೊಂಬತ್ತು ಪಾಲು ತೆಗೆಯಿತು ಎಂದುಕೊಳ್ಳಿ. ಉಳಿದ ಒಂದು ಪಾಲು ಎರಡಾಗಿ, ನಾಲ್ಕಾಗಿ, ಎಂಟಾಗಿ, ಏಳನೆಯ ಇಮ್ಮಡಿಗೆ ನೂರನ್ನು ದಾಟುತ್ತದೆ. ಏಳು ಇಮ್ಮಡಿ ಎಂದರೆ ಹದಿನಾಲ್ಕು ವಾರ. ಗುತ್ತಿಗೆದಾರರನ್ನು ಬೈಯುವ ಮೊದಲು ಈ ಲೆಕ್ಕ ನೆನಪಿರಲಿ. ಅವರು ಕೆಲಸವನ್ನು ಚೆನ್ನಾಗಿ ಮಾಡಿದರೂ ಫಲ ಇಷ್ಟೇ. ಇದಲ್ಲದೆ ಹೂ ಬಿಟ್ಟ ಗಿಡದ ಬೀಜ ಹೂಳಿನಲ್ಲಿ ಇಳಿದು ಹದಿನೈದು-ಇಪ್ಪತ್ತು ವರ್ಷ ಜೀವ ಹಿಡಿದು ಕೂರಬಲ್ಲದು.

ಇನ್ನು ಆಹಾರದ ಮಾತು. ಈ ಕಳೆಗೆ ಬೇಕಾದ್ದು ಸಾರಜನಕ ಮತ್ತು ರಂಜಕ. ರೈತರು ದುಡ್ಡು ಕೊಟ್ಟು ಹೊಲಕ್ಕೆ ಹಾಕುವ ಅದೇ ಗೊಬ್ಬರವನ್ನು ನಾವು ಶೌಚಾಲಯದ ಮತ್ತು ಬಟ್ಟೆ ಒಗೆದ ನೀರಿನ ಮೂಲಕ ರಾಜಕಾಲುವೆಗೆ ಬಿಡುತ್ತೇವೆ. ಮಳೆನೀರು ಹರಿಯಬೇಕಾದ ಕಾಲುವೆಯಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತಿದ್ದರೆ ಅದು ಏನೆಂದು ಬೇರೆ ಹೇಳಬೇಕಾಗಿಲ್ಲ. ಬೆಳ್ಳಂದೂರು ಕೆರೆಯ ನೊರೆ ಮತ್ತು ಬೆಂಕಿ ದೇಶಕ್ಕೆಲ್ಲ ಸುದ್ದಿಯಾಯಿತು. ಅದೇ ಕೊಳಚೆಯನ್ನುಂಡು ಅಲ್ಲಿ ಬೆಳೆದ ಕಳೆಯ ಹಾಸು ಮಾತ್ರ ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ.

‘ನಮ್ಮ ಕೆರೆಗೆ ಸಂಸ್ಕರಿಸಿದ ನೀರೇ ಬರುತ್ತದೆ’ ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಸಾಮಾನ್ಯ ಸಂಸ್ಕರಣಾ ಘಟಕ ಕೊಳೆಯುವ ಸಾವಯವ ಪದಾರ್ಥವನ್ನು ಇಳಿಸುತ್ತದೆ. ಸಾರಜನಕ, ರಂಜಕ ತೆಗೆಯಲು ಬೇರೆಯದೇ ಹಂತಗಳು ಬೇಕು. ಅವಿಲ್ಲದಿದ್ದರೆ ನೀರು ನೋಡಲು ತಿಳಿ, ವಾಸನೆಯೂ ಇಲ್ಲ, ಕಳೆಗೆ ಮಾತ್ರ ಹಬ್ಬ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರನ್ನು ನೇರವಾಗಿ ಕೆರೆಗೆ ಬಿಡದೆ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುವ ವ್ಯವಸ್ಥೆ ಮಾಡಿದ್ದು ಇದಕ್ಕೇ. ಅಲ್ಲೂ ಆ ಜೊಂಡನ್ನು ಆಗಾಗ ಕೊಯ್ದು ಹೊರಸಾಗಿಸಬೇಕು, ಇಲ್ಲದಿದ್ದರೆ ಅದು ಹೀರಿದ್ದೆಲ್ಲ ಕೊಳೆತು ನೀರಿಗೇ ಮರಳುತ್ತದೆ.

ಔಷಧದ ವಿಷಯ ಬೇಗ ಮುಗಿಸುತ್ತೇನೆ. ಕಳೆನಾಶಕದಿಂದ ಗಿಡ ಸಾಯುತ್ತದೆ. ಸತ್ತ ಗಿಡವೆಲ್ಲ ಒಟ್ಟಿಗೆ ಮುಳುಗಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನೂ ಸಾಯುತ್ತದೆ, ಗೊಬ್ಬರ ಮಾತ್ರ ಕೆರೆಯಲ್ಲೇ ಉಳಿಯುತ್ತದೆ. ಮೀನುಗಾರರು, ದನಕರುಗಳು ನೆಚ್ಚಿಕೊಂಡ ನಮ್ಮ ಕೆರೆಗಳಿಗೆ ಅದು ಹೇಳಿಸಿದ್ದಲ್ಲ.

ಹುಳುವಿನ ಕತೆ ಹೆಚ್ಚು ಸ್ವಾರಸ್ಯದ್ದು. ಅಂತರಗಂಗೆಯನ್ನೇ ನಂಬಿ ಬದುಕುವ, ನಿಯೋಕೆಟಿನಾ ಎಂಬ ಕುಲದ ಎರಡು ಜಾತಿಯ ಮೂತಿಹುಳುಗಳನ್ನು 1982ರಲ್ಲಿ ಅಮೆರಿಕದಿಂದ ತರಿಸಲಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆ. ಪಿ. ಜಯಂತ್ ಮತ್ತವರ ಸಂಗಡಿಗರು ಅವುಗಳ ಮೇಲೆ ಕೆಲಸ ಮಾಡಿ ನಗರದ ಕೆರೆಗಳಿಗೆ ಬಿಟ್ಟರು. ಪ್ರೌಢ ಹುಳು ರಾತ್ರಿ ಹೊತ್ತು ಎಲೆ ಕೆರೆದು ತಿನ್ನುತ್ತದೆ. ಮರಿಹುಳು ತೊಟ್ಟಿನೊಳಗೆ ಸುರಂಗ ಕೊರೆದು ಬುಡ ಸೇರುತ್ತದೆ. ಕೋಶಾವಸ್ಥೆಗೆ ಹೋಗುವುದು ನೀರೊಳಗಿನ ಬೇರಿನ ಗೊಂಚಲಿನಲ್ಲಿ. ಕೆಲವು ಕೆರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕಳೆ ಗಮನಾರ್ಹವಾಗಿ ಇಳಿಯಿತು.

ಹಾಗಿದ್ದರೆ ಈಗೇಕೆ ನಡೆಯುತ್ತಿಲ್ಲ? ಗೊಬ್ಬರ ತುಂಬಿದ ನೀರಿನಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಚಿಗುರುತ್ತದೆ. ಇನ್ನೊಂದು ಕಾರಣ ನಾವೇ. ಹುಳುವಿನ ಸಂಸಾರವೆಲ್ಲ ಗಿಡದ ಮೇಲೆಯೇ ಇರುವುದರಿಂದ, ಯಂತ್ರ ಕಳೆಯನ್ನು ಬಾಚಿದಾಗ ಹುಳುವನ್ನೂ ಬಾಚುತ್ತದೆ. ಉಳಿದ ಗಿಡ ವಾರಗಳಲ್ಲಿ ಚೇತರಿಸಿಕೊಂಡರೆ, ಹುಳುವಿನ ಸಂಖ್ಯೆ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಹೊರಗಿನ ಹುಳು ನಮ್ಮ ಬೆಳೆಗೆ ಬಿದ್ದರೆ ಎಂಬ ಭಯವೂ ಸಹಜ. ಕಾಂಗ್ರೆಸ್ ಗಿಡ ತಿನ್ನಲು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ ಕೆಲವೆಡೆ ಸೂರ್ಯಕಾಂತಿಯ ಎಲೆ ತಿನ್ನುತ್ತಿದೆ ಎಂದು ದೊಡ್ಡ ಗಲಾಟೆಯೇ ಆಯಿತು. ಎಲೆಯ ಮೇಲೆ ಬಿದ್ದ ಕಾಂಗ್ರೆಸ್ ಗಿಡದ ಪರಾಗದ ಆಸೆಗೆ ಅದು ಅಲ್ಲಿ ಬಾಯಿ ಹಾಕುತ್ತದೆ ಎಂದು ಇಲ್ಲಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂತರಗಂಗೆಯ ಮೂತಿಹುಳುವಿನ ಮೇಲೆ ಅಂಥ ದೂರು ಬಂದಿಲ್ಲ.

ನಿಮ್ಮ ಕೆರೆಗೆ ನನ್ನ ಸಲಹೆ ಹೀಗಿದೆ. ಮೊದಲು ಕೊಳಚೆ ಸೇರುವ ಬಾಯಿಗಳನ್ನು ಹುಡುಕಿ ಮುಚ್ಚಿಸಲು ಒತ್ತಾಯಿಸಿ. ಅದಾಗುವವರೆಗೆ ಯಂತ್ರ ಬೇಡವೆಂದು ಹೇಳುತ್ತಿಲ್ಲ. ನೀರು ಪೂರ್ತಿ ಮುಚ್ಚಿದರೆ ಮೀನಿಗೆ ಉಸಿರಿಲ್ಲ, ಬೇರಿಗಂಟಿ ಬೆಳೆಯುವ ಮ್ಯಾನ್ಸೋನಿಯಾ ಸೊಳ್ಳೆಗೆ ಸುಗ್ಗಿ. ಆದರೆ ಹೂ ಬಿಡುವ ಮೊದಲೇ ತೆಗೆಸಿ. ತೆಗೆದದ್ದನ್ನು ಏರಿಯ ಮೇಲೆ ರಾಶಿ ಹಾಕಿ ಹೋಗಲು ಬಿಡಬೇಡಿ, ಮೊದಲ ಮಳೆಗೇ ಅದರ ಸಾರ ಕೆರೆಗೆ ಇಳಿಯುತ್ತದೆ. ಕಾರ್ಖಾನೆ ನೀರು ಸೇರುವ ಕೆರೆಯ ಕಳೆಯಿಂದ ತರಕಾರಿಗೆ ಗೊಬ್ಬರ ಮಾಡುವುದೂ ಬೇಡ, ಈ ಗಿಡ ಭಾರಲೋಹಗಳನ್ನೂ ಹೀರಿಕೊಳ್ಳುತ್ತದೆ. ಗುತ್ತಿಗೆಯಲ್ಲಿ ಎಷ್ಟು ಎಕರೆ ತೆಗೆದರು ಎಂಬುದಕ್ಕಿಂತ ಎಷ್ಟು ತಿಂಗಳು ನೀರು ತೆರೆದಿತ್ತು ಎಂಬುದಕ್ಕೆ ಹಣ ಕೊಡುವ ಷರತ್ತು ಹಾಕಿಸಿ. ಹಾಗಾದರೆ ವರ್ಷಕ್ಕೊಮ್ಮೆ ಯಂತ್ರ ತರುವ ಬದಲು ವಾರಕ್ಕೊಮ್ಮೆ ತೆಪ್ಪದಲ್ಲಿ ಹೋಗಿ ಹೊಸ ಮರಿಗಳನ್ನು ಕೀಳುವುದೇ ಲಾಭವೆಂದು ಗುತ್ತಿಗೆದಾರರಿಗೂ ಗೊತ್ತಾಗುತ್ತದೆ. ಕೊಳಚೆ ಬರುವುದು ನಿಂತ ಮೇಲೆ ಕೆರೆಯಲ್ಲಿ ಹುಳು ಬಿಡುವ ಯೋಚನೆಯಿದ್ದರೆ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ತಜ್ಞರನ್ನು ವಿಚಾರಿಸಿ, ಒಂದು ಮೂಲೆಯ ಗಿಡಗಳನ್ನು ಬೇಲಿ ಕಟ್ಟಿ ಹುಳುವಿಗೆಂದೇ ಬಿಡಿ. ಯಂತ್ರದವರಿಗೆ ಆ ಮೂಲೆಯನ್ನು ಮುಟ್ಟಬೇಡಿ ಎಂದು ಮೊದಲೇ ಬರೆದು ಕೊಡಬೇಕು.