ಮೇಯುವ ಕುರಿಯ ಹಾಲು: ಹುಲ್ಲಿನ ಕೊಬ್ಬು ಕೆಚ್ಚಲು ಸೇರುವ ದಾರಿ

100 ಗ್ರಾಂ ಕುರಿ ಹಾಲಿನಲ್ಲಿ ಸುಮಾರು 6–7 ಗ್ರಾಂ ಕೊಬ್ಬು, 5.5 ಗ್ರಾಂ ಆಸುಪಾಸು ಪ್ರೋಟೀನ್, 190 ಮಿ.ಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ. ಹಸುವಿನ ಹಾಲಿನಲ್ಲಿ ಇದೇ ಲೆಕ್ಕ 3.5–4 ಗ್ರಾಂ, 3.3 ಗ್ರಾಂ, 120 ಮಿ.ಗ್ರಾಂ. ಲ್ಯಾಕ್ಟೋಸ್ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಲ್ಯಾಕ್ಟೋಸ್ ಅರಗದವರಿಗೆ ಕುರಿ ಹಾಲಿನಿಂದ ಉಪಕಾರವಿಲ್ಲ.

ಹಾಲು ಇಷ್ಟು ಗಟ್ಟಿಯಾಗಿರುವುದು ಕುರಿಯ ಹುಟ್ಟುಗುಣ. ಕಟ್ಟಿಹಾಕಿ ಹಿಂಡಿ ತಿನ್ನಿಸಿದರೂ ಹಾಲು ಗಟ್ಟಿಯೇ. ಹಾಗಾದರೆ ಬಯಲಲ್ಲಿ ಮೇಯುವುದರಿಂದ ಬದಲಾಗುವುದೇನು? ಮುಖ್ಯವಾಗಿ ಕೊಬ್ಬಿನ ಬಗೆ. ಜೊತೆಗೆ ವಿಟಮಿನ್ ಇ ಜಾಸ್ತಿಯಾಗುತ್ತದೆ. ಬಣ್ಣ ನೋಡಿ ಇದನ್ನೆಲ್ಲ ಗುರುತಿಸಲು ಆಗುವುದಿಲ್ಲ. ಹುಲ್ಲಿನ ಬೀಟಾ ಕ್ಯಾರೋಟಿನನ್ನು ಕುರಿಯ ಮೈ ಬಹುಪಾಲು ವಿಟಮಿನ್ ಎ ಮಾಡಿಬಿಡುತ್ತದೆ. ಎಷ್ಟೇ ಹಸಿರು ಮೇಯ್ದರೂ ಹಾಲು ಬಿಳಿಯೇ.

ಸಿಎಲ್‌ಎ ಎಲ್ಲಿಂದ ಬಂತು?

ನಾನು ತುಂಬಾ ಹೊತ್ತು ಸಿಕ್ಕಿಕೊಂಡಿದ್ದು ಇಲ್ಲಿ. ಮೇಯುವ ಕುರಿಯ ಹಾಲಿನಲ್ಲಿ ಸಿಎಲ್‌ಎ (ಕಾಂಜುಗೇಟೆಡ್ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲಗಳ ಗುಂಪು) ಜಾಸ್ತಿ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದರಲ್ಲಿ ಮುಖ್ಯವಾದದ್ದು ರುಮೆನಿಕ್ ಆಮ್ಲ. ಅದು ಲಿನೋಲಿಕ್ ಆಮ್ಲದಿಂದ ಹುಟ್ಟುತ್ತದೆ ಎಂದೂ ಓದುತ್ತೇವೆ. ಆದರೆ ಹಸಿ ಹುಲ್ಲಿನ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲಿನೋಲೆನಿಕ್ ಆಮ್ಲ, ಅಂದರೆ ಒಮೆಗಾ-3. ಲಿನೋಲಿಕ್ ಜಾಸ್ತಿ ಇರುವುದು ಕಾಳು, ಎಣ್ಣೆಬೀಜಗಳಲ್ಲಿ. ಹಾಗಿದ್ದರೆ ಹಿಂಡಿ ತಿಂದ ಕುರಿಯಲ್ಲೇ ಸಿಎಲ್‌ಎ ಹೆಚ್ಚಬೇಕಿತ್ತು, ಅಲ್ವಾ?

ಹೆಸರುಗಳನ್ನು ಬದಿಗಿಟ್ಟು, ದ್ವಿಬಂಧ (ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ) ಎಷ್ಟನೇ ಇಂಗಾಲದ ಮೇಲಿದೆ ಎಂಬ ಅಂಕಿಗಳನ್ನಷ್ಟೇ ಬರೆದುಕೊಳ್ಳಿ. ಎಲ್ಲವೂ 18 ಇಂಗಾಲದ ಆಮ್ಲಗಳೇ.

ಲಿನೋಲಿಕ್: 9,12 → 9,11 → 11 → ಏನೂ ಇಲ್ಲ
ಲಿನೋಲೆನಿಕ್: 9,12,15 → 9,11,15 → 11,15 → 11 → ಏನೂ ಇಲ್ಲ

ಇದು ಕುರಿಯ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಬ್ಯಾಕ್ಟೀರಿಯಾಗಳು ಮಾಡುವ ಕೆಲಸ. ಅವು ಮೊದಲು 12ನ್ನು 11ಕ್ಕೆ ಸರಿಸುತ್ತವೆ, ಆಮೇಲೆ ಹೈಡ್ರೋಜನ್ ಸೇರಿಸಿ ದ್ವಿಬಂಧಗಳನ್ನು ಒಂದೊಂದಾಗಿ ಅಳಿಸುತ್ತವೆ. ‘ಏನೂ ಇಲ್ಲ’ ಅಂದರೆ ಸ್ಟಿಯರಿಕ್ ಆಮ್ಲ. ರುಮೆನಿಕ್ ಎಂದರೆ 9,11. ಈಗ ಎರಡನೇ ಸಾಲನ್ನು ಮತ್ತೆ ನೋಡಿ. ಅದರಲ್ಲಿ ಬರೀ 9,11 ಎಲ್ಲೂ ಬರುವುದಿಲ್ಲ! 9 ಅಳಿಯುವ ಹೊತ್ತಿಗೆ 15 ಇನ್ನೂ ಇರುತ್ತದೆ. ಅಂದರೆ ಹುಲ್ಲಿನ ಒಮೆಗಾ-3 ಈ ದಾರಿಯಲ್ಲಿ ಹೊಟ್ಟೆಯೊಳಗೆ ರುಮೆನಿಕ್ ಆಗುವುದೇ ಇಲ್ಲ.

ಆದರೆ ಎರಡು ಸಾಲಿನಲ್ಲೂ 11 ಒಂದೇ ಉಳಿಯುವ ಹಂತವಿದೆ. ಅದೇ ವ್ಯಾಕ್ಸೆನಿಕ್ ಆಮ್ಲ. ಅದನ್ನು ಸ್ಟಿಯರಿಕ್ ಮಾಡುವ ಕೊನೆಯ ಹೆಜ್ಜೆ ನಿಧಾನ. ಹೀಗಾಗಿ ವ್ಯಾಕ್ಸೆನಿಕ್ ಹೊಟ್ಟೆಯಲ್ಲಿ ಉಳಿದು, ಮುಂದೆ ಕರುಳಿಗೆ ಸಾಗಿ, ರಕ್ತ ಸೇರಿ ಕೆಚ್ಚಲಿಗೆ ಹೋಗುತ್ತದೆ. ಅಲ್ಲಿ ಒಂದು ಕಿಣ್ವ ಇದೆ. ಅದರ ಕೆಲಸವೇ 9ರ ಮೇಲೆ ದ್ವಿಬಂಧ ಹಾಕುವುದು. 11 ಇದ್ದದ್ದಕ್ಕೆ 9 ಸೇರಿದರೆ 9,11. ಸಿಎಲ್‌ಎ ಸಿಕ್ಕಿತು.

ಹಾಲಿನ ರುಮೆನಿಕ್ ಆಮ್ಲದ ಬಹುಪಾಲು ತಯಾರಾಗುವುದು ಹೀಗೆ ಕೆಚ್ಚಲಿನಲ್ಲೇ. ಇದೊಂದು ತಿಳಿದರೆ ಹಾಲಿನಲ್ಲಿ ವ್ಯಾಕ್ಸೆನಿಕ್ ಮತ್ತು ರುಮೆನಿಕ್ ಯಾಕೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ. ಮಾತ್ರೆಗಳಲ್ಲಿ ಮಾರುವ ಸಿಎಲ್‌ಎ ಬೇರೆಯೇ ಮಿಶ್ರಣ. ಅದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು 10,12 ಇರುತ್ತದೆ. ಅದರ ಮೇಲಿನ ಫಲಿತಾಂಶವನ್ನು ಹಾಲಿಗೆ ಹೊರಿಸಬಾರದು.

ಎಂಥ ಹುಲ್ಲು?

ಎಳೆ ಹುಲ್ಲಿನಲ್ಲಿ ಎಲೆ ಜಾಸ್ತಿ, ಲಿನೋಲೆನಿಕ್ ಜಾಸ್ತಿ. ಹೂ ಬಿಟ್ಟು ಕಡ್ಡಿಯಾದಂತೆ ಅದು ಇಳಿಯುತ್ತದೆ. ಕೊಯ್ದು ಒಣಗಿಸಿದರೆ ಇನ್ನಷ್ಟು ನಷ್ಟ.

ಲೆಕ್ಕ ಹಾಕಿಯೇ ನಂಬಿ

ಕೋಷ್ಟಕಗಳು ಸಾಮಾನ್ಯವಾಗಿ ‘ಕೊಬ್ಬಿನಲ್ಲಿ ಶೇಕಡಾ ಇಷ್ಟು’ ಎಂದು ಹೇಳುತ್ತವೆ. ಅದನ್ನು ಲೋಟದ ಲೆಕ್ಕಕ್ಕೆ ತಂದುಕೊಳ್ಳಿ. ಲಿನೋಲೆನಿಕ್ ಕೊಬ್ಬಿನ ಶೇ. 1 ಎಂದಿಟ್ಟುಕೊಳ್ಳೋಣ. 200 ಗ್ರಾಂ ಹಾಲಿನಲ್ಲಿ 14 ಗ್ರಾಂ ಕೊಬ್ಬು, ಅದರಲ್ಲಿ 140 ಮಿ.ಗ್ರಾಂ ಲಿನೋಲೆನಿಕ್. ದೊಡ್ಡವರಿಗೆ ದಿನಕ್ಕೆ 1.1ರಿಂದ 1.6 ಗ್ರಾಂ ಬೇಕು ಎಂಬುದು ಅಮೆರಿಕದ ಶಿಫಾರಸು. ಹಾಗಾಗಿ ಒಮೆಗಾ-3ಗಾಗಿ ಕುರಿ ಹಾಲು ಕುಡಿಯಿರಿ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಪ್ರೋಟೀನ್, ಕ್ಯಾಲ್ಸಿಯಂ, ಬಿ12 ಸಾಕಷ್ಟು ಒಳ್ಳೆಯ ಕಾರಣಗಳು.

ಹೋಲಿಕೆ ಓದುವಾಗ ಕುರಿ ಈದು ಎಷ್ಟು ದಿನವಾಗಿದೆ ಎಂಬುದನ್ನೂ ನೋಡಿ. ದಿನ ಕಳೆದಂತೆ ಹಾಲು ಕಡಿಮೆಯಾಗುತ್ತದೆ, ಕೊಬ್ಬು–ಪ್ರೋಟೀನಿನ ಶೇಕಡಾವಾರು ಏರುತ್ತದೆ. ಮೇಯಲು ಬಿಟ್ಟ ಮಂದೆ ಹಾಲು ಬತ್ತುವ ಹಂತದಲ್ಲಿದ್ದು, ಕಟ್ಟಿ ಸಾಕಿದ್ದು ಈಗಷ್ಟೇ ಈದಿದ್ದರೆ, ಆ ಏರಿಕೆಗೆ ಹುಲ್ಲೇ ಕಾರಣ ಎನ್ನಲು ಬರುವುದಿಲ್ಲ.