ಪೊಲೀಸ್ ದೌರ್ಜನ್ಯ ಹೆಚ್ಚಿದೆಯೋ ಇಳಿದಿದೆಯೋ: ಲೆಕ್ಕ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮೊದಲಿನಷ್ಟು ಲಾಠಿ ಏಟು ಈಗಿಲ್ಲ ಎಂದು ಕೆಲವರು, ಈಗಲೇ ಹೆಚ್ಚು ಎಂದು ಇನ್ನು ಕೆಲವರು ಹೇಳುತ್ತಾರೆ. ಇಪ್ಪತ್ತು ಮೂವತ್ತು ವರ್ಷಗಳ ಅಂಕಿಅಂಶ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಎಲ್ಲರೂ ಮೊದಲು ಹುಡುಕುವ ಅಂಕಿ, ಅಂದರೆ ಪೊಲೀಸರ ವಿರುದ್ಧದ ದೂರುಗಳ ಸಂಖ್ಯೆ, ಇದಕ್ಕೆ ಅಷ್ಟಾಗಿ ಒದಗುವುದಿಲ್ಲ. ಠಾಣೆಯಲ್ಲಿ ಕೆನ್ನೆಗೆ ಏಟು ತಿಂದವನು ಮತ್ತೆ ಅದೇ ಇಲಾಖೆಯ ಮೆಟ್ಟಿಲು ಹತ್ತಿ ಬರೆದುಕೊಡಬೇಕು. ಕೊಟ್ಟರೂ ಅದು ಎಫ್‌ಐಆರ್ ಆಗದೆ ‘ಅರ್ಜಿ’ಯಾಗಿ ಉಳಿದು, ಒಂದು ಹಿಂಬರಹದಲ್ಲಿ ಮುಗಿಯಬಹುದು. ಹಾಗಾಗಿ ಈ ಸಂಖ್ಯೆ ಪೊಲೀಸರ ನಡತೆಯ ಜೊತೆಗೆ ದೂರುದಾರನ ಧೈರ್ಯವನ್ನೂ ಅಳೆಯುತ್ತದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದಂತೆ, ಪೊಲೀಸರ ವಿರುದ್ಧದ ದೂರುಗಳನ್ನೇ ಕೇಳುವ ಪೊಲೀಸ್ ದೂರು ಪ್ರಾಧಿಕಾರ ಒಂದು ಜಿಲ್ಲೆಯಲ್ಲಿ ನಿಜವಾಗಿ ಬಾಗಿಲು ತೆರೆದರೆ, ಮರುವರ್ಷ ಅಲ್ಲಿ ದೂರು ಏರಬೇಕು. ಏರದಿದ್ದರೆ ನನಗೆ ಅನುಮಾನ ಬರುತ್ತದೆ.

‘ದೂರು’ ಎಂಬುದರ ವ್ಯಾಖ್ಯೆ ಬದಲಾದರೂ ಅಂಕಿ ಏರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2020ರ ಫೆಬ್ರುವರಿಯಿಂದ, ಪೊಲೀಸರ ಬಗ್ಗೆ ಜನ ತೋಡಿಕೊಳ್ಳುವ ಯಾವುದೇ ಅಸಮಾಧಾನವೂ ‘ದೂರು’ ಎಂದಾಯಿತು. ಅದರ ಹಿಂದಿನ ಅಂಕಿಯನ್ನೂ ಮುಂದಿನದನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ಸಿಗುವುದು ಸುಳ್ಳು ಏರಿಕೆ.

ಆದ್ದರಿಂದ ಮುಚ್ಚಿಡಲು ಕಷ್ಟವಾದದ್ದನ್ನು ಎಣಿಸುವುದು ಮೇಲು: ಲಾಕಪ್ ಸಾವು. ಅಂಥ ಸಾವನ್ನು 24 ಗಂಟೆಯೊಳಗೆ ತಿಳಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಸೂಚಿಸಿತ್ತು. ಪೊಲೀಸ್ ವಶದಲ್ಲಿ ಸತ್ತವರ ಬಗ್ಗೆ ಆಯೋಗದಲ್ಲಿ ದಾಖಲಾದ ಪ್ರಕರಣಗಳು 2017-18ರಲ್ಲಿ 146, ಮುಂದಿನ ವರ್ಷ 136, ಆಮೇಲೆ 112, 2020-21ರಲ್ಲಿ 100, 2021-22ರಲ್ಲಿ 175. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊವನ್ನು ಕೇಳಿದರೆ 2020ಕ್ಕೆ 76, 2021ಕ್ಕೆ 88 ಎನ್ನುತ್ತದೆ. ಆಯೋಗದ್ದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ, ಬ್ಯೂರೊದ್ದು ಜನವರಿಯಿಂದ ಡಿಸೆಂಬರ್‌ವರೆಗಿನದು, ನಿಜ. ಆದರೆ ಕ್ಯಾಲೆಂಡರ್ ಬದಲಾದ ಮಾತ್ರಕ್ಕೆ 88 ಎಲ್ಲಿ, 175 ಎಲ್ಲಿ? ಬ್ಯೂರೊ ತಾನಾಗಿ ಎಣಿಸುವುದಿಲ್ಲ. ರಾಜ್ಯಗಳ ಪೊಲೀಸರು ಕಳಿಸಿದ್ದನ್ನು ಕೂಡಿಸುತ್ತದೆ.

ಆ 100ರ ಬಳಿ ಸ್ವಲ್ಪ ನಿಲ್ಲಿ. ಐದು ವರ್ಷಗಳಲ್ಲಿ ಅದೇ ಅತಿ ಕಡಿಮೆ. ಲಾಕ್‌ಡೌನ್ ಶುರುವಾದ ದಿನಗಳಲ್ಲಿ ಹಾಲು ತರಕಾರಿಗೆ ಹೊರಟವರಿಗೆ ಬಿದ್ದ ಲಾಠಿ ಏಟು, ನಡುರಸ್ತೆಯಲ್ಲಿ ಹೊಡೆಸಿದ ಬಸ್ಕಿ ಎಲ್ಲವನ್ನೂ ನಾವು ಮೊಬೈಲಿನಲ್ಲಿ ನೋಡಿದ್ದೇವೆ. ಏಟು ತಿಂದು ಮನೆಗೆ ಮರಳಿದವರಿಗೆ ಸಾವಿನ ಪಟ್ಟಿಯಲ್ಲಿ ಜಾಗವಿಲ್ಲ.

ಸತ್ತವರನ್ನೂ ಪಟ್ಟಿಯ ಯಾವ ಕಲಮಿಗೆ ಹಾಕುತ್ತಾರೆ ಎಂಬುದು ಇನ್ನೊಂದು ತೊಡಕು. ತಮಿಳುನಾಡಿನ ಸಾತಾನ್‌ಕುಳಂನಲ್ಲಿ 2020ರ ಜೂನ್‌ನಲ್ಲಿ ತಂದೆ ಮತ್ತು ಮಗನನ್ನು ಠಾಣೆಗೆ ಒಯ್ದರು. ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ಅವರನ್ನು ಕೋವಿಲ್‌ಪಟ್ಟಿ ಉಪಕಾರಾಗೃಹಕ್ಕೆ ಕಳಿಸಿದ್ದರಿಂದ, ಪ್ರಾಣ ಹೋಗುವಾಗ ಅವರು ಕಾಗದದ ಮೇಲೆ ಪೊಲೀಸ್ ವಶದಲ್ಲಲ್ಲ, ನ್ಯಾಯಾಂಗ ಬಂಧನದಲ್ಲಿದ್ದರು. ಆ ಕಲಮಿನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ದಾಖಲಾಗುತ್ತವೆ, ಬಹುಪಾಲು ಕಾಯಿಲೆಯವು. ಠಾಣೆಯ ಏಟಿನಿಂದ ಸತ್ತವರನ್ನು ಆ ಗುಂಪಿನಿಂದ ಹೆಕ್ಕಿ ತೆಗೆಯುವುದು ಯಾರು? ಇನ್ನು, ‘ವಿಚಾರಣೆಗೆ’ ಎಂದು ಕರೆತಂದು ಠಾಣಾ ಡೈರಿಯಲ್ಲಿ ಹೆಸರೇ ಬರೆಯದೆ ಎರಡು ದಿನ ಬೆಂಚಿನ ಮೇಲೆ ಕೂರಿಸಿದವನು ಯಾವ ಕಲಮಿಗೂ ಬರುವುದಿಲ್ಲ.

ಹಾಗಾದರೆ ನಾನು ಏನು ಮಾಡುತ್ತೇನೆ? ಒಂದೇ ಮೂಲದ, ಒಂದೇ ವ್ಯಾಖ್ಯೆಯ ಅಂಕಿಯನ್ನು ಐದೈದು ವರ್ಷ ಕೂಡಿಸಿ, ಬಂಧಿತರ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಸಣ್ಣ ರಾಜ್ಯದಲ್ಲಿ ವರ್ಷಕ್ಕೆ ಎರಡಿದ್ದ ಸಾವು ನಾಲ್ಕಾದರೆ ‘ಶೇ 100 ಏರಿಕೆ’ ಎಂದು ತಲೆಬರಹ ಕೊಡುವುದು ಸುಲಭ, ಅದರಲ್ಲಿ ಹುರುಳಿಲ್ಲ. ಆಯೋಗ ಮತ್ತು ಬ್ಯೂರೊಗಳ ನಡುವಿನ ಅಂತರವನ್ನೂ ಪ್ರತಿವರ್ಷ ಗುರುತು ಹಾಕಿಕೊಳ್ಳುತ್ತೇನೆ. ಲೆಕ್ಕ ಒಪ್ಪಿಸುವವರ ಪ್ರಾಮಾಣಿಕತೆ ಅದರಲ್ಲಿ ಕಾಣುತ್ತದೆ.

ಯಾರೂ ಇನ್ನೂ ಸರಿಯಾಗಿ ಹಿಡಿದಿಡದ ಒಂದು ಲೆಕ್ಕವಿದೆ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು, ಅದಾಗದಿದ್ದರೆ ಒಂದು ವರ್ಷವಾದರೂ ಇಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ದೃಶ್ಯ ಕೇಳಿದವರಿಗೆ ‘ಆ ದಿನ ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ವರ್ಷಕ್ಕೆ ಎಷ್ಟು ಸಲ ಸಿಕ್ಕಿತು ಎಂದು ಎಣಿಸತೊಡಗಿದರೆ, ಹತ್ತು ವರ್ಷಗಳಲ್ಲಿ ನಿಮ್ಮ ಪ್ರಶ್ನೆಗೆ ಇಂದಿಗಿಂತ ನೇರವಾದ ಉತ್ತರ ಕೊಡಬಹುದು.