ಪದ ಪರಿಚಯ: ಕ್ಯಾಂಪ್ಟೊಥೆಸಿನ್

ಪಶ್ಚಿಮ ಘಟ್ಟದಲ್ಲಿ ದುರ್ವಾಸನೆ ಮರ ಅಂತ ಒಂದಿದೆ. ಹೂ ಬಿಟ್ಟಾಗ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು, ಹೆಸರು ಸುಮ್ನೆ ಬಂದಿಲ್ಲ. ಇದರ ಬೇರು, ತೊಗಟೆ, ಕಟ್ಟಿಗೆಯಲ್ಲಿ ಸಿಗುವ ಒಂದು ರಾಸಾಯನಿಕವೇ ಕ್ಯಾಂಪ್ಟೊಥೆಸಿನ್.

ಹೆಸರು ಮಾತ್ರ ಚೀನಾದ ಕ್ಯಾಂಪ್ಟೊಥೆಕಾ ಮರದ್ದು. ಅಮೆರಿಕದಲ್ಲಿ ಮನ್ರೋ ವಾಲ್, ಮನ್ಸುಖ್ ವಾನಿ ಮತ್ತು ಜೊತೆಗಾರರು 1966ರಲ್ಲಿ ಅದರಿಂದ ಇದನ್ನು ಬೇರ್ಪಡಿಸಿದ ವಿಷಯ ಪ್ರಕಟಿಸಿದರು. ನಮ್ಮ ಮರದಲ್ಲೂ ಇದೆ ಅನ್ನೋದು 1972ರಲ್ಲಿ ವರದಿಯಾಯಿತು.

ಇದು ಮಾಡುವ ಕೆಲಸ ತಿಳಿಯಲು ಎರಡು ಎಳೆ ಹೊಸೆದ ಹಗ್ಗ ತಗೊಳ್ಳಿ. ಒಂದು ತುದಿಯನ್ನು ಕಟ್ಟಿ, ಇನ್ನೊಂದು ತುದಿಯಿಂದ ಎಳೆಗಳನ್ನು ಬಿಡಿಸುತ್ತಾ ಹೋಗಿ. ಮುಂದಿನ ಭಾಗ ಹುರಿ ಬಿಗಿದು ಗಂಟು ಗಂಟಾಗುತ್ತದೆ, ಅಲ್ವಾ? ಜೀವಕೋಶ ತನ್ನ ಡಿಎನ್ಎ ನಕಲು ಮಾಡುವಾಗಲೂ ಇದೇ ಪಾಡು. ಆಗ ಟೊಪೊಐಸೊಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಹೋಗಿ ಆ ಕತ್ತರಿಸಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಸುಗೆ ಆಗೋದಿಲ್ಲ. ನಕಲು ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಹಗ್ಗವೇ ತುಂಡಾಗುತ್ತದೆ, ಕೋಶ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ನಕಲಾಗುವುದರಿಂದ ಪೆಟ್ಟು ಅವಕ್ಕೆ ಜಾಸ್ತಿ. ಆದರೆ ಕೂದಲಿನ ಬೇರು, ಕರುಳಿನ ಒಳಪದರ, ಮಜ್ಜೆಯ ಕೋಶಗಳೂ ಹಾಗೇ ಬೇಗ ಬೆಳೆಯುವಂಥವು, ಅವಕ್ಕೂ ತಪ್ಪಿದ್ದಲ್ಲ.

ಹಾಗಂತ ತೊಗಟೆ ಕಷಾಯ ಕುದಿಸೋಕೆ ಹೊರಡಬೇಡಿ. ಮರದಲ್ಲಿರುವುದೇ ಔಷಧಿಯಲ್ಲ. ಕ್ಯಾಂಪ್ಟೊಥೆಸಿನ್ ನೀರಲ್ಲಿ ಕರಗೋದಿಲ್ಲ. ಕರಗುವಂತೆ ಉಪ್ಪಿನ ರೂಪಕ್ಕೆ ತಂದು 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಗುಣ ಅಷ್ಟಕ್ಕಷ್ಟೇ, ಮೂತ್ರಕೋಶಕ್ಕೆ ಮಾತ್ರ ವಿಪರೀತ ಉರಿ. ಪ್ರಯೋಗ ನಿಂತಿತು. ಆಮೇಲೆ ಅಣುವನ್ನು ಅಲ್ಲಲ್ಲಿ ತಿದ್ದಿ ಟೊಪೊಟೆಕಾನ್, ಇರಿನೊಟೆಕಾನ್ ಮಾಡಿದರು. ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ, ಅಂದರೆ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದ ಸುದ್ದಿ ಬಂದು 30 ವರ್ಷ ಆದಮೇಲೆ. ಮೊದಲನೆಯದನ್ನು ಅಂಡಾಶಯದ ಕ್ಯಾನ್ಸರಿಗೆ, ಎರಡನೆಯದನ್ನು ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುತ್ತಾರೆ. ಇರಿನೊಟೆಕಾನ್ ಹುಟ್ಟಿದ್ದು ಜಪಾನಿನ ಯಾಕುಲ್ಟ್ ಕಂಪನಿಯಲ್ಲಿ. ಹೌದು, ಅಂಗಡಿ ಫ್ರಿಜ್ಜಿನಲ್ಲಿ ಕಾಣುವ ಆ ಪುಟಾಣಿ ಬಾಟಲಿಯವರೇ!

ಒಣಗಿದ ಕಟ್ಟಿಗೆಯಲ್ಲಿ ಈ ರಾಸಾಯನಿಕ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಹಾಗಾಗಿ ಘಟ್ಟದ ಮರಗಳು ಲೋಡುಗಟ್ಟಲೆ ಹೋದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಯಾವ ಜಾಗದ ಮರದಲ್ಲಿ ಇದು ಜಾಸ್ತಿ ಇದೆ ಎಂದು ಹುಡುಕಿದ್ದಾರೆ. ಅಂಥ ಮರಗಳ ಸಸಿ ಮಾಡಿ ತೋಟದಲ್ಲಿ ಬೆಳೆದರೆ ಕಾಡಿನವು ಉಳಿದಾವು ಅನ್ನುವ ಲೆಕ್ಕ.